ಸ್ಲಿಪ್‌ಶಾಟ್ ಅಲ್ಲ ಸ್ವಾಮಿ, ಸ್ಲಿಪ್‌ಶಾಡ್!



ಈ ವಾರ ಬಂದ ಪತ್ರಗಳ ಕಟ್ಟಿನಲ್ಲಿ ದಾವಣಗೆರೆಯ ಮಿತ್ರರೊಬ್ಬರ ಕಾರ್ಡು ಇತ್ತು. ನಾಲ್ಕೇ ಸಾಲು. ಆದರೆ ನನ್ನ ಎರಡು ರಾತ್ರಿಯ ನಿದ್ದೆ ತಿಂದು ಹಾಕಿತು. ಏನು ಬರೆದಿದ್ದರು ಅಂತೀರಾ? ‘ಸಾರ್, ನಮ್ಮ ಹೀರೋ ಚಿತ್ರಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯವರು ಡೈರೆಕ್ಷನ್ ಸ್ಲಿಪ್‌ಶಾಟ್ ಅಂತ ಬರೆದಿದ್ದಾರೆ. ನಾವು ಐದು ಜನ ಗೆಳೆಯರು ನಾಲ್ಕು ಸಲ ಚಿತ್ರ ನೋಡಿದೆವು. ಯಾವ ಶಾಟ್ ಸ್ಲಿಪ್ ಆಗಿದೆ ಅಂತ ಗೊತ್ತಾಗಲಿಲ್ಲ. ದಯವಿಟ್ಟು ತಿಳಿಸಿ. ಬೆಟ್ ಕಟ್ಟಿದ್ದೇವೆ.’

ಭಲೇ ಗೆಳೆಯರೇ! ಒಂದು ಬೈಗುಳದ ಅರ್ಥ ಹುಡುಕೋಕೆ ನಾಲ್ಕು ಸಲ ಟಿಕೆಟ್ ತೆಗೆದ ಅಭಿಮಾನಿಗಳನ್ನು ನಾನು ಇದೇ ಮೊದಲು ನೋಡ್ತಿರೋದು. ಆ ಚಿತ್ರದ ನಿರ್ಮಾಪಕರಿಗೆ ಈ ಕಾರ್ಡು ತೋರಿಸಿದರೆ ಇಂಥದೇ ವಿಮರ್ಶೆ ಇನ್ನೂ ಹತ್ತು ಬರೆಸಿಯಾರು!

ಮೊದಲು ವಿಷಯಕ್ಕೆ ಬರೋಣ. ಅದು ಸ್ಲಿಪ್‌ಶಾಟ್ ಅಲ್ಲ. ಸ್ಲಿಪ್‌ಶಾಡ್. ಕೊನೆಯಲ್ಲಿರೋದು ‘ಟ’ ಅಲ್ಲ, ‘ಡ’. ಕ್ಯಾಮೆರಾದ ಶಾಟಿಗೂ ಇದಕ್ಕೂ ಸಂಬಂಧವಿಲ್ಲ. ಅರ್ಥ ಏನಪ್ಪಾ ಅಂದರೆ ಅಸಡ್ಡೆಯ ಕೆಲಸ, ಹೇಗೋ ಮಾಡಿ ಮುಗಿಸಿದ ಕೆಲಸ, ಕಾಟಾಚಾರದ ಕೆಲಸ. ಹೀರೋ ಚೌಕುಳಿ ಅಂಗಿ ಹಾಕ್ಕೊಂಡು ಬಾಗಿಲು ತೆಗೀತಾನೆ, ಒಳಗೆ ಕಾಲಿಟ್ಟಾಗ ಗೀರು ಗೀರಿನ ಅಂಗಿ ಆಗಿರುತ್ತೆ ನೋಡಿ, ಅಂಥದ್ದು. ಸಿನಿಮಾದವರು ಅದನ್ನು ಕಂಟಿನ್ಯೂಟಿ ತಪ್ಪು ಅಂತಾರೆ. ವಿಮರ್ಶಕರು ಸ್ಲಿಪ್‌ಶಾಡ್ ಅಂತಾರೆ. ಗಾಂಧಿ ಕ್ಲಾಸಿನವರು ಒಂದು ಶಿಳ್ಳೆ ಹೊಡೆದು ಸುಮ್ಮನಾಗ್ತಾರೆ.

ಇಷ್ಟೇ ಆಗಿದ್ದರೆ ಒಂದು ಕಾರ್ಡಿನಲ್ಲಿ ಉತ್ತರ ಬರೆದು ಹಾಕಿ ನಾನೂ ನಿದ್ದೆ ಮಾಡ್ತಿದ್ದೆ. ಆದರೆ ಈ ಪದಕ್ಕೂ ನನಗೂ ಒಂದು ಹಳೆ ಲೆಕ್ಕ ಬಾಕಿ ಇದೆ. ಅದನ್ನು ಹೇಳೋದಕ್ಕೆ ಮುಂಚೆ ಪದದ ಹುಟ್ಟು ನೋಡಿಬಿಡೋಣ.

ನೀವೀಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪುಟ ತಿರುವುತ್ತಾ ಇದ್ದೀರಲ್ಲ, ಸ್ವಲ್ಪ ಬಗ್ಗಿ ನಿಮ್ಮ ಕಾಲು ನೋಡ್ಕೊಳ್ಳಿ. ಹವಾಯಿ ಚಪ್ಪಲಿ ಇದೆಯಾ? ಹಾಗಾದರೆ ನೀವೇ ಸ್ಲಿಪ್‌ಶಾಡ್! ಕೋಪ ಮಾಡ್ಕೋಬೇಡಿ. ಹುಟ್ಟಿದಾಗ ಈ ಪದಕ್ಕೆ ಇದ್ದ ಅರ್ಥ ಅಷ್ಟೇ: ಸಡಿಲವಾದ, ಕಾಲಿಗೆ ಜಾರಿಸಿ ಹಾಕುವ ಮೆಟ್ಟು ಹಾಕ್ಕೊಂಡವನು. ಇಂಗ್ಲಿಷಿನಲ್ಲಿ ‘ಶೂ’ ಅನ್ನೋದು ಹೆಸರೂ ಹೌದು, ಕ್ರಿಯಾಪದವೂ ಹೌದು. ಮೆಟ್ಟು ತೊಡಿಸು, ಕುದುರೆಗಾದರೆ ಲಾಳ ಕಟ್ಟು ಅಂತ ಅರ್ಥ. ಅದರಿಂದ ಬಂದ ರೂಪವೇ ‘ಶಾಡ್’, ಅಂದರೆ ಮೆಟ್ಟು ತೊಟ್ಟ. ನಮ್ಮ ಕನ್ನಡದ ‘ಮೆಟ್ಟು’ ಕೂಡ ಹೀಗೇ ಅಲ್ವೇ? ಕಾಲಿಗೆ ಹಾಕುವ ವಸ್ತುವೂ ಮೆಟ್ಟು, ಹಾಕ್ಕೊಳ್ಳೋದೂ ಮೆಟ್ಟು, ಸಿಟ್ಟು ಬಂದರೆ ತುಳಿಯೋದೂ ಮೆಟ್ಟು. ಸ್ಲಿಪ್‌ಶಾಡ್ ಅಂದರೆ ಜಾರುಮೆಟ್ಟಿನವನು ಅಂತ ಇಟ್ಕೊಳ್ಳಿ. ನಾವು ಸ್ಲಿಪ್ಪರ್ ಅನ್ನೋದೂ ಅದೇ ಜಾರು ಕುಲದ್ದೇ.

ಕುದುರೆಯ ಕಡೆಯಿಂದ ಬಂದ ಅಣ್ಣತಮ್ಮನೂ ಈ ಪದಕ್ಕೆ ಉಂಟು: ರಫ್‌ಶಾಡ್. ಮಂಜುಗಡ್ಡೆಯ ಮೇಲೆ ಜಾರದೇ ಇರಲಿ ಅಂತ ಮೊಳೆಯ ತಲೆ ಹೊರಗೆ ಚಾಚಿರೋ ಹಾಗೆ ಲಾಳ ಹೊಡೀತಿದ್ದರು. ಅಂಥ ಕುದುರೆ ಯಾರ ಮೇಲಾದರೂ ಹಾದುಹೋದರೆ ಗತಿ ಏನು? ಅದಕ್ಕೇ ಇನ್ನೊಬ್ಬರನ್ನು ತುಳಿದು ನಡೆಯುವವನಿಗೆ ಆ ಮಾತು. ನಮ್ಮ ಚಿತ್ರಗಳ ಜಮೀನ್ದಾರ ವಿಲನ್‌ಗಳೆಲ್ಲ ರಫ್‌ಶಾಡ್ ವಂಶದವರು. ಇರಲಿ.

ಸ್ಲಿಪ್‌ಶಾಡ್ ಹುಟ್ಟಿದ್ದು 16ನೇ ಶತಮಾನದ ಇಂಗ್ಲೆಂಡಿನಲ್ಲಿ, ಶೇಕ್ಸ್‌ಪಿಯರ್ ಹುಡುಗನಾಗಿದ್ದ ಕಾಲದ ಆಸುಪಾಸಿನಲ್ಲಿ. ಮುಂದೆ ಆ ಮಹಾರಾಯನೂ ಇದನ್ನು ಬಳಸಿದ್ದಾನೆ. ‘ಲಿಯರ್ ಮಹಾರಾಜ’ನ ಕಥೆ ನಿಮಗೆ ಗೊತ್ತಿರಬಹುದು. ಮಾತಿನ ಮರುಳಿಗೆ ಸೋತು ದೊಡ್ಡ ಹೆಣ್ಣುಮಕ್ಕಳಿಬ್ಬರಿಗೆ ರಾಜ್ಯ ಹಂಚಿ, ಒಳ್ಳೆಯ ಕಿರಿಮಗಳನ್ನು ಹೊರಗೆ ಹಾಕಿ, ಕೊನೆಗೆ ತಾನೇ ಬೀದಿಗೆ ಬೀಳುವ ಮುದುಕ. ನಮ್ಮ ಸೆಂಟಿಮೆಂಟ್ ಚಿತ್ರಗಳ ಅಪ್ಪಂದಿರಿಗೆಲ್ಲ ಅವನೇ ಹಿರಿಯ. 17ನೇ ಶತಮಾನದ ಮೊದಲ ವರ್ಷಗಳ ಆ ನಾಟಕದಲ್ಲಿ, ಮೊದಲ ಅಂಕದ ಕೊನೆಗೆ, ವಿದೂಷಕ ರಾಜನಿಗೆ ಒಂದು ಒಗಟು ಹಾಕ್ತಾನೆ. ಮನುಷ್ಯನ ಮೆದುಳು ಹಿಮ್ಮಡಿಯಲ್ಲಿ ಇದ್ದಿದ್ದರೆ ಅದಕ್ಕೆ ಚಳಿಹುಣ್ಣು ಏಳುವ ಭಯ ಇರ್ತಿತ್ತಲ್ಲವೇ ಅಂತ. ರಾಜ ಹೌದು ಅಂತಾನೆ. ಹಾಗಾದರೆ ಖುಷಿಯಾಗಿರು, ನಿನ್ನ ಬುದ್ಧಿಗೆ ಜಾರುಮೆಟ್ಟು ಹಾಕುವ ಗರಜು ಬರೋದಿಲ್ಲ ಅಂತಾನೆ ಇವನು. ಅಂದರೆ, ಬುದ್ಧಿ ಇದ್ದರೆ ತಾನೇ ಹುಣ್ಣಾಗೋದು!

ಹಾಸ್ಯ ಪಕ್ಕಕ್ಕಿಡಿ. ಆ ಒಗಟಿನಲ್ಲಿ ಸಡಿಲ ಮೆಟ್ಟು ಹಾಕೋದು ಯಾರು? ಸೋಮಾರಿಯಲ್ಲ. ಅಸಡ್ಡೆಯವನಲ್ಲ. ಹಿಮ್ಮಡಿಯಲ್ಲಿ ಹುಣ್ಣಾಗಿ ಬಿಗಿಯಾದ ಶೂ ಹಾಕಲಾರದವನು! ನೋವಿರುವವನ ಕಾಲಿಗೆ ಸಿಗುವ ಸಮಾಧಾನ ಅದು. ಪದ ಮೊದಲು ಇದ್ದದ್ದು ಹೀಗೆ. ಆಮೇಲೆ ಏನಾಯ್ತು ನೋಡಿ. ಬಿಗಿ ಶೂ ಹಾಕಿದವರು ಸಡಿಲ ಶೂ ಹಾಕಿದವರನ್ನು ನೋಡಿದರು. ಕಾಲು ಎಳೀತಾ ನಡೀತಾನೆ, ಹಿಮ್ಮಡಿ ತುಳಿದು ಚಪ್ಪಟೆ ಮಾಡಿದ್ದಾನೆ, ಬಟ್ಟೆಯೂ ಹಾಗೇ, ಮನುಷ್ಯನೂ ಹಾಗೇ ಇರಬೇಕು ಅಂತ ತೀರ್ಮಾನ ಮಾಡಿದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ಸ್ಲಿಪ್‌ಶಾಡ್ ಅಂದರೆ ಅಚ್ಚುಕಟ್ಟಿಲ್ಲದವನು ಅಂತಾಯ್ತು. 19ನೇ ಶತಮಾನದಲ್ಲಿ ಕಾಲು ಬಿಟ್ಟು ಕೈಗೆ ಬಂತು, ಬರವಣಿಗೆಗೆ ಅಂಟಿಕೊಂಡಿತು. ಅಲ್ಲಿಂದ ಸಿನಿಮಾ ವಿಮರ್ಶೆಗೆ ಎಷ್ಟು ದೂರ?

ಈಗ ನಮ್ಮ ಮಾತು ನೋಡಿ. ‘ಅಸಡ್ಡೆ’ ಅಂತೀವಲ್ಲ, ಅದು ಸಂಸ್ಕೃತದ ‘ಅಶ್ರದ್ಧೆ’ ನಮ್ಮ ನಾಲಿಗೆಯಲ್ಲಿ ಸವೆದು ಆದದ್ದು. ಶ್ರದ್ಧೆ ಇಲ್ಲದ್ದು ಅಸಡ್ಡೆ. ಲಕ್ಷ್ಯ ಇಲ್ಲದ್ದು ನಿರ್ಲಕ್ಷ್ಯ. ಪಾರ್ಸಿಯಿಂದ ಬಂದ ಬೇಪರ್ವಾ ಕೂಡ ಪರ್ವಾ ಇಲ್ಲದ್ದು. ಈ ಮೂರೂ ಮನಸ್ಸನ್ನು ನೋಡ್ತವೆ. ಇಂಗ್ಲಿಷಿನ ಈ ಪದ ಮಾತ್ರ ಮನುಷ್ಯನ ಕಾಲು ನೋಡಿ ಮನಸ್ಸು ಅಳೆಯುತ್ತೆ. ಮನೆ, ಗುಡಿ, ಗರಡಿ ಎಲ್ಲದರ ಮುಂದೆಯೂ ದಿನಕ್ಕೆ ಹತ್ತು ಸಲ ಚಪ್ಪಲಿ ಬಿಡುವ ನಮ್ಮಂಥ ಜನಕ್ಕೆ ಜಾರಿಸಿ ಹಾಕುವ ಮೆಟ್ಟಲ್ಲದೆ ಲೇಸ್ ಕಟ್ಟುವ ಬೂಟು ಹೊಂದುತ್ತಾ ಹೇಳಿ?

ಸರಿ, ಹಳೆ ಲೆಕ್ಕಕ್ಕೆ ಬರ್ತೀನಿ.

1978ರ ಮಳೆಗಾಲ. ನನಗೆ 21 ವರ್ಷ. ಗಾಂಧಿನಗರದ ಒಬ್ಬ ಹಂಚಿಕೆದಾರರ ಆಫೀಸಿನಲ್ಲಿ ರೆಪ್ರೆಸೆಂಟೇಟಿವ್ ಕೆಲಸ. ಇವತ್ತಿನ ಹುಡುಗರಿಗೆ ಇದು ಗೊತ್ತಾಗಲಿಕ್ಕಿಲ್ಲ. ಈಗ ಚಿತ್ರ ಹಾರ್ಡ್ ಡಿಸ್ಕಿನಲ್ಲಿ ಬರುತ್ತೆ, ಉಪಗ್ರಹದಿಂದ ಇಳಿಯುತ್ತೆ. ಆಗ ಹಾಗಲ್ಲ. ಪ್ರಿಂಟ್ ಪೆಟ್ಟಿಗೆಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ನಾವೇ ಊರೂರಿಗೆ ಹೋಗಬೇಕು. ಎಷ್ಟು ಟಿಕೆಟ್ ಹರಿದರು ಅಂತ ಲೆಕ್ಕ ಇಡಬೇಕು, ರಾತ್ರಿ ಡಿ.ಸಿ.ಆರ್. ಅಂತ ಒಂದು ಫಾರಂ ತುಂಬಿ ಆಫೀಸಿಗೆ ಕಳಿಸಬೇಕು. ದಿನದ ವಸೂಲಿಯ ರಿಪೋರ್ಟು ಅದು. ಸಂಬಳ ಕಡಿಮೆ, ಗತ್ತು ಜಾಸ್ತಿ. ಊರಿನ ಹುಡುಗರ ಕಣ್ಣಿಗೆ ನಾವೇ ಹೀರೋನ ತಮ್ಮಂದಿರು!

ಮಲೆನಾಡಿನ ಒಂದು ಊರು. ಹೆಸರು ಬೇಡ. ಎರಡು ಟಾಕೀಸು, ಮಧ್ಯೆ ಒಂದು ಮೈಲಿ ದೂರ. ಚಿತ್ರ ಒಂದೇ, ಪ್ರಿಂಟೂ ಒಂದೇ. ಮೊದಲ ಟಾಕೀಸಿನಲ್ಲಿ ಆರೂವರೆಗೆ ಷೋ ಶುರು, ಎರಡನೆಯದರಲ್ಲಿ ಏಳೂಕಾಲಿಗೆ. ಸಾವಿರ ಅಡಿಯ ಒಂದು ರೀಲು ಪರದೆಯ ಮೇಲೆ ಓಡೋದು 11 ನಿಮಿಷ. ಎರಡೆರಡು ರೀಲು ಸೇರಿಸಿ ಒಂದೊಂದು ಡಬ್ಬ. ಇಲ್ಲಿ ಓಡಿದ ಡಬ್ಬವನ್ನು ಸೈಕಲ್ ಮೇಲೆ ಹೇರಿಕೊಂಡು ಅಲ್ಲಿಗೆ ಮುಟ್ಟಿಸಬೇಕು. ಹಾಗೆ ರೀಲು ಹೊರೋದಕ್ಕೆ ಟಾಕೀಸಿನವರು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರು. ವಯಸ್ಸು ಹದಿನಾಲ್ಕೋ ಹದಿನೈದೋ. ರಾತ್ರಿ ಎರಡು ಆಟಕ್ಕೂ ತುಳಿದೂ ತುಳಿದೂ ಅವನ ಕಾಲು ಕಡ್ಡಿಯಾಗಿತ್ತು. ಎರಡು ಟಾಕೀಸಿನಲ್ಲೂ ಇಡೀ ಊರು ಚಿತ್ರ ನೋಡ್ತಿತ್ತು, ಅವನೊಬ್ಬ ಪೂರ್ತಿ ಚಿತ್ರ ನೋಡಿರಲಿಲ್ಲ. ‘ಸಾ, ಕೊನೆಗೆ ಹೀರೋಯಿನ್ ಸಿಗ್ತಾಳಾ ಸಾ?’ ಅಂತ ನನ್ನನ್ನು ಕೇಳಿದ್ದ.

ಆ ದಿನ ಸಂಜೆ ಮಳೆ ಸುರೀತಿತ್ತು. ಅವನು ಒಂದು ಡಬ್ಬ ಎತ್ತಿಕೊಂಡು ನನ್ನ ಹತ್ತಿರ ಬಂದ. ‘ಸಾ, ಇದರ ಕೊಂಡಿ ಹೋಗಿದೆ ಸಾ. ಮುಚ್ಚಳ ನಿಲ್ತಿಲ್ಲ. ಒಂದು ಹುರಿ ಕೊಡಿಸಿ ಸಾ, ಕಟ್ಕೋತೀನಿ’ ಅಂದ. ಡಬ್ಬ ಟಾಕೀಸಿನವರದಲ್ಲ, ನಮ್ಮ ಆಫೀಸಿನದು, ನನ್ನ ಜವಾಬ್ದಾರಿಯದು. ನಾನು ಗೇಟ್‌ಕೀಪರ್ ಜೊತೆ ಬಿಸಿ ಬೋಂಡ ತಿನ್ನುತ್ತಾ, ಆ ಹೀರೋಯಿನ್ನನ್ನು ಶೂಟಿಂಗಿನಲ್ಲಿ ಹತ್ತಿರದಿಂದ ನೋಡಿದ ಕಥೆ ಬಿಡ್ತಾ ಇದ್ದೆ. ಸುಳ್ಳು, ನೋಡಿರಲಿಲ್ಲ. ‘ಏ, ಕೈಯಲ್ಲಿ ಒತ್ತಿ ಹಿಡ್ಕೊಂಡು ಹೋಗೋ, ಏನಾಗಲ್ಲ’ ಅಂದೆ.

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈ ಹಿಂದೆ ಕ್ಯಾರಿಯರ್ ಮೇಲಿನ ಡಬ್ಬಕ್ಕೆ. ಇಳಿಜಾರಿನಲ್ಲಿ ಬ್ರೇಕ್ ಸಾಲದೆ ಕಾಲು ಕೊಟ್ಟಿದ್ದಾನೆ. ಹವಾಯಿ ಚಪ್ಪಲಿ ಜಾರಿತು. ಸೈಕಲ್ ಒಂದು ಕಡೆ, ಹುಡುಗ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ. ಫಿಲಂ ಸುರುಳಿ ಬಿಚ್ಚಿಕೊಂಡು ಕೆಸರಿನಲ್ಲಿ ಹಾವಿನ ಹಾಗೆ ಬಿದ್ದಿತ್ತು. ಅದನ್ನೆಲ್ಲ ಎದೆಗೆ ಅವುಚಿಕೊಂಡು ಅವನು ಕುಂಟುತ್ತಾ ನಡೆದುಕೊಂಡೇ ಎರಡನೇ ಟಾಕೀಸಿಗೆ ಹೋದ. ಅಲ್ಲಿ ಸರಿಯಾಗಿ ಫೈಟಿನ ಮುಂಚೆ ಪರದೆ ಬಿಳಿಯಾಗಿತ್ತು. ಅಡಚಣೆಗೆ ಕ್ಷಮಿಸಿ ಅಂತ ಸ್ಲೈಡ್ ಹಾಕಿ 25 ನಿಮಿಷ. ಆಪರೇಟರ್ ಪಂಚೆಯ ಅಂಚಿನಲ್ಲಿ ಕೆಸರು ಒರೆಸಿ, ಹರಿದ ಕಡೆ ಸಿಮೆಂಟ್ ಹಚ್ಚಿ ಅಂಟಿಸಿ ಓಡಿಸುವಷ್ಟರಲ್ಲಿ ಏಳೆಂಟು ಕುರ್ಚಿ ಮುರಿದಿದ್ದವು. ಓಡಿದರೂ ಏನು? ಹೀರೋ ಮುಖದ ಮೇಲೆ ಉದ್ದಕ್ಕೂ ಗೀರುಗಳ ಮಳೆ!

ಟಾಕೀಸಿನ ಮಾಲೀಕರು ಹುಡುಗನಿಗೆ ಎಲ್ಲರ ಮುಂದೆ ಹೊಡೆದರು. ನಾನು ನೋಡ್ತಾ ನಿಂತಿದ್ದೆ. ರಾತ್ರಿ ಲಾಡ್ಜಿನಲ್ಲಿ ಡಿ.ಸಿ.ಆರ್. ತುಂಬಿದೆ. ಷರಾ ಬರೆಯುವ ಜಾಗದಲ್ಲಿ, ಷೋ ನಿಂತಿದ್ದಕ್ಕೆ ಕಾರಣ ಕೊಡಬೇಕು. ಆಗ ನಾನು ಇಂಗ್ಲಿಷ್ ಪತ್ರಿಕೆಗಳ ವಿಮರ್ಶೆ ಓದಿ ಹೊಸ ಹೊಸ ಪದ ಗುರುತು ಹಾಕ್ಕೊಳ್ತಿದ್ದ ಕಾಲ. ದೊಡ್ಡ ಅಕ್ಷರದಲ್ಲಿ ಬರೆದೆ: ‘ಸ್ಲಿಪ್‌ಶಾಡ್ ಹ್ಯಾಂಡ್ಲಿಂಗ್ ಬೈ ರೀಲ್ ಬಾಯ್.’ ಬರೆದು ಎರಡು ಸಲ ಓದಿಕೊಂಡೆ. ಎಂಥ ಪದ ಬಿತ್ತಪ್ಪ ಅಂತ ಖುಷಿಯಾಯ್ತು ಸ್ವಾಮಿ, ನಿಜ ಹೇಳ್ತೀನಿ.

ಮಾರನೇ ಬೆಳಿಗ್ಗೆ ಹುಡುಗ ಲಾಡ್ಜಿಗೆ ಬಂದ. ಮಂಡಿಗೆ ಅರಿಶಿನ ಮೆತ್ತಿತ್ತು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು ನಿಂತ. ‘ಸಾ, ಕೆಲಸದಿಂದ ತೆಗ್ದುಬಿಟ್ರು. ಕುರ್ಚಿ ದುಡ್ಡೂ ನೀನೇ ಕಟ್ಟು ಅಂತಾರೆ. ಡಬ್ಬದ ಕೊಂಡಿ ಹೋಗಿದ್ದು ನಿಮಗೆ ತೋರ್ಸಿದ್ನಲ್ಲ ಸಾ. ಒಂದು ಮಾತು ಹೇಳಿ ಸಾ’ ಅಂದ. ನಾನು ಎರಡು ರೂಪಾಯಿ ಕೊಟ್ಟೆ. ‘ನೋಡೋಣ, ಹೋಗಪ್ಪ’ ಅಂದೆ. ಅವನು ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕ್ಕೊಂಡಿದ್ದು ನೋಡಿದೆ. ಹಿಮ್ಮಡಿಯ ಜಾಗದಲ್ಲಿ ಎರಡೂ ತೂತು. ಒಂದರ ಬಾರಿಗೆ ಕೆಳಗಿನಿಂದ ಪಿನ್ನು ಚುಚ್ಚಿತ್ತು. ಮಾಲೀಕರ ಹತ್ತಿರ ನಾನು ಏನೂ ಹೇಳಲಿಲ್ಲ. ಗುರುವಾರ ರಾತ್ರಿ ಪೆಟ್ಟಿಗೆ ಹತ್ತಿಸಿಕೊಂಡು ಬೆಂಗಳೂರು ಬಸ್ಸು ಹಿಡಿದೆ.

ಇದಾಗಿ ಆರೇಳು ವರ್ಷದ ಮೇಲೆ ನಾನು ಪತ್ರಿಕೆಯ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದೆ. ಸಂಪಾದಕರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ನಿಘಂಟು. ಒಂದು ದಿನ ಬೇರೇನೋ ಪದ ಹುಡುಕ್ತಾ ಕಣ್ಣು ಜಾರಿ ಈ ಪದದ ಮೇಲೆ ಬಿತ್ತು. ಸಡಿಲವಾದ ಮೆಟ್ಟು ತೊಟ್ಟ, ಹಿಮ್ಮಡಿ ಸವೆದ ಮೆಟ್ಟಿನ ಅಂತ ಬರೆದಿತ್ತು. ಹುಡುಗನ ಆ ಪಿನ್ನು ಚುಚ್ಚಿದ ಚಪ್ಪಲಿ ಪುಟದ ಮೇಲೆ ತಂದಿಟ್ಟ ಹಾಗಾಯ್ತು. ನಾನು ಬರೆದದ್ದು ಅಕ್ಷರ ಅಕ್ಷರವೂ ನಿಜವೇ! ಅವನು ಸ್ಲಿಪ್‌ಶಾಡೇ. ಅಸಡ್ಡೆ ಮಾತ್ರ ನನ್ನದು. ಆ ಸಂಜೆ ನನ್ನ ಕಾಲಿನಲ್ಲಿ ಇದ್ದದ್ದು ಪಾಲಿಶ್ ಮಾಡಿದ ಕಪ್ಪು ಶೂ, ಲೇಸು ಬಿಗಿಯಾಗಿ ಕಟ್ಟಿದ್ದೆ.

ಒಂದು ಡಬ್ಬದ ಮುಚ್ಚಳ ಬಿದ್ದದ್ದಕ್ಕೆ ಒಬ್ಬ ಹುಡುಗನ ಕೆಲಸ ಹೋಯ್ತು. ಇಡೀ ಚಿತ್ರವೇ ಕಳೆದುಹೋದರೆ ಯಾರ ಕೆಲಸ ಹೋಗಬೇಕು? ಕೇಳಿ ಮಿತ್ರರೇ. ನಮ್ಮ ಕನ್ನಡದಲ್ಲಿ ಮೊದಲು ತೆರೆ ಕಂಡ ಮಾತಿನ ಚಿತ್ರ ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯ್ತು. ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾದದ್ದು. ಇವತ್ತು ಅದನ್ನು ನೋಡಬೇಕು ಅಂದರೆ ಒಂದು ರೀಲೂ ಇಲ್ಲ. ಹಿಂದಿಯವರೂ ಬೀಗಬೇಕಾಗಿಲ್ಲ, 1931ರ ‘ಆಲಂ ಆರಾ’ ಕೂಡ ಹೋಯ್ತು. ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದಿರೋದು ಬೆರಳೆಣಿಕೆಯಷ್ಟು.

ಕಪ್ಪು ಬಿಳುಪು ಫಿಲಮ್ಮಿನಲ್ಲಿ ಚಿತ್ರ ಮೂಡೋದೇ ಬೆಳ್ಳಿಯ ಕಣಗಳಿಂದ. ಓಡಿ ಮುಗಿದ ಪ್ರಿಂಟುಗಳನ್ನು ತೂಕದ ಲೆಕ್ಕದಲ್ಲಿ ಮಾರಿ, ತೊಳೆದು, ಬೆಳ್ಳಿ ತೆಗೆದರು. ಆ ಕಾಲದ ನೈಟ್ರೇಟ್ ಫಿಲಂ ಬೇರೆ, ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ಜಾತಿ. ಪುಣೆಯಲ್ಲಿ ಸರ್ಕಾರದ ಫಿಲಂ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ಪಿ.ಕೆ. ನಾಯರ್ ಎಂಬ ಪುಣ್ಯಾತ್ಮರು ಊರೂರು ಅಲೆದು ಡಬ್ಬ ಡಬ್ಬ ಹುಡುಕಿ ತಂದರು ಅಂತ ಅಷ್ಟಾದರೂ ಉಳೀತು. ‘ಸುಲೋಚನ’ಕ್ಕೆ ಆ ಭಾಗ್ಯ ಬರಲಿಲ್ಲ. ಹಳೆ ಪ್ರಿಂಟು ಮಾರಿದವರು ಕೋಟು ಬೂಟಿನವರು. ಅವರ ಬಗ್ಗೆ ಯಾವ ಡಿ.ಸಿ.ಆರ್.ನಲ್ಲಿ ಯಾರು ಷರಾ ಬರೆದರು?

ನಾನು ಹತ್ತಾರು ವರ್ಷ ಬಿಟ್ಟು ಆ ಮಲೆನಾಡಿನ ಊರಿಗೆ ಒಂದು ಮದುವೆಗೆ ಹೋಗಿದ್ದೆ. ಮದುವೆ ನಡೆದದ್ದು ಎಲ್ಲಿ ಅಂತೀರಿ? ಆ ಎರಡನೇ ಟಾಕೀಸಿನಲ್ಲೇ! ಕಲ್ಯಾಣ ಮಂಟಪ ಮಾಡಿದ್ದರು. ಪರದೆ ಇದ್ದ ಕಡೆ ಹಸೆಮಣೆ. ಊಟದ ಪಂಕ್ತಿಯಲ್ಲಿ ಹಳೇ ಆಪರೇಟರ್ ಸಿಕ್ಕರು. ಹುಡುಗನ ವಿಷಯ ಕೇಳಿದೆ. ‘ಅವನಾ? ಆಗಲೇ ಲಾರಿ ಕ್ಲೀನರ್ ಆಗಿ ಹೊರಟುಹೋದ. ಆಮೇಲೆ ಈ ಕಡೆ ಬರಲಿಲ್ಲ’ ಅಂದರು. ಪಾಯಸ ಬಡಿಸುವವರು ಬಂದರು. ಮಾತು ಅಲ್ಲಿಗೆ ನಿಂತಿತು.

ಡಿ.ಸಿ.ಆರ್. ಮೇಲಿನ ಪ್ರತಿ ಆಫೀಸಿಗೆ ಹೋಗ್ತಿತ್ತು, ಕಾರ್ಬನ್ ಪ್ರತಿ ನಮ್ಮ ಹತ್ತಿರ ಇರ್ತಿತ್ತು. ಆ ದಿನದ ಕಾರ್ಬನ್ ಪ್ರತಿ ಇನ್ನೂ ನನ್ನ ಟ್ರಂಕಿನಲ್ಲಿದೆ. ದಾವಣಗೆರೆಯ ಕಾರ್ಡು ಬಂದ ರಾತ್ರಿ ತೆಗೆದು ನೋಡಿದೆ. ಟಿಕೆಟ್ಟಿನ ಲೆಕ್ಕವೆಲ್ಲ ಮಾಸಿಹೋಗಿದೆ. ಆ ಒಂದು ಪದವನ್ನು ಪೆನ್ಸಿಲ್ ಒತ್ತಿ ಒತ್ತಿ ಬರೆದಿದ್ದೆನಲ್ಲ, ಅದು ಮಾತ್ರ ನೀಲಿಯಾಗಿ ಹಾಗೇ ಇದೆ.

ಇನ್ನು ಬೆಟ್ಟಿನ ವಿಷಯ. ದಾವಣಗೆರೆ ಮಿತ್ರರೇ, ಯಾವ ಶಾಟೂ ಸ್ಲಿಪ್ ಆಗಿಲ್ಲ ಅಂದವರು ಗೆದ್ದರು ಅಂತ ತೀರ್ಪು. ಸೋತವರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸತಕ್ಕದ್ದು. ನಿಮ್ಮ ಊರಿನಲ್ಲಿ ಹಿಂದೆ ಸೈಕಲ್ ಮೇಲೆ ರೀಲು ಹೊತ್ತವರು ಯಾರಾದರೂ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕೋಣ.

ಮುಂದಿನ ವಾರ: ‘ಬ್ಲಾಕ್‌ಬಸ್ಟರ್’ ಅಂದರೆ ಮೊದಲು ಸಿನಿಮಾ ಅಲ್ಲ, ಬಾಂಬು ಕಣ್ರೀ!